ವಾಗ್ದೇವಿಯ ‘ಅದು’

ಬೆಳ್ತಂಗಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವಾಗ್ದೇವಿ ಊರವರ ಕರೆಗಳನ್ನು ಜೋಡಿಸಿಕೊಡುತ್ತಿದ್ದಳು. ಬಿಡುವಿನಲ್ಲಿ ಭಯಾನಕ ಕಾದಂಬರಿ ಬರೆಯುತ್ತಿದ್ದಳು. ಅವಳ ಕಥೆಗಳಲ್ಲಿ ಪ್ರೇತವಿಲ್ಲ, ಪಾಳುಬಾವಿಯಿಲ್ಲ. ೧೯೮೪ರಲ್ಲಿ ಆಪರೇಟರ್ ಬೇಡದ ಹೊಸ ಯಂತ್ರ ಬರುತ್ತದೆಂದು ಜೊತೆಯವರು ಕೆಲಸದ ಚಿಂತೆಯಲ್ಲಿದ್ದಾಗ ಅವಳಿಗೆ ಬೇರೆಯೇ ಚಿಂತೆ ಹತ್ತಿತು. ಎಲ್ಲರ ಮಾತು ಕೇಳಿ ಕೇಳಿ ಯಂತ್ರಕ್ಕೆ ಪ್ರಜ್ಞೆ ಬಂದರೆ, ಅದರ ಲೆಕ್ಕದಲ್ಲಿ ನಾವು ಏನು?

ಎರಡು ವರ್ಷ ಬರೆದಳು. ಕಾದಂಬರಿಯ ಯಂತ್ರ ಆಪರೇಟರ್ ಹೆಂಗಸನ್ನು ಮೊದಲು ‘ಅವರು’ ಎನ್ನುತ್ತದೆ, ಬುದ್ಧಿ ಬಲಿತಂತೆ ‘ಅವಳು’. ಕೊನೆಯ ಪುಟದಲ್ಲಿ ಅವಳು ಕುರ್ಚಿಯಲ್ಲೇ ಕುಸಿದಾಗ ಇನ್ನೊಂದು ಊರಿನ ಯಂತ್ರಕ್ಕೆ ತಿಳಿಸುತ್ತದೆ: “ಅದು ಮಲಗಿದೆ.” ಇಡೀ ಪುಸ್ತಕ ನಿಂತದ್ದು ಆ ಒಂದು ಪದದ ಮೇಲೆ.

ಮೂಡಬಿದಿರೆಯ ಮುದ್ರಕ ಶೇಷಪ್ಪ ತೋರಿಸಿದ ಕರಡಿನಲ್ಲಿ “ಅವಳು ಮಲಗಿದ್ದಾಳೆ” ಎಂದಿತ್ತು.

“ಯಾರು ತಿದ್ದಿದ್ದು?”

“ನಾನೇ ಅಕ್ಕ. ನಿಮ್ಮ ಮನೆಮಾತು ನುಸುಳಿತ್ತು.”

ವಾಗ್ದೇವಿ ಹವ್ಯಕರ ಮನೆಯವಳು. ಅವರ ಮನೆಮಾತಿನಲ್ಲಿ ಹೆಂಗಸರನ್ನು ‘ಅದು’ ಎನ್ನುವುದೇ ರೂಢಿ.

“ಬೇಕೆಂದೇ ಬರೆದದ್ದು ಮಾರಾಯ. ಹೆದರಿಕೆ ಇರುವುದೇ ಅಲ್ಲಿ.”

“ಎಂತ ಹೆದರಿಕೆ? ಮೊನ್ನೆ ನಿಮ್ಮ ಭಾವ ಇಲ್ಲೇ ಕೂತು ಹೆಂಡತಿಯ ಸುದ್ದಿ ಹೇಳುವಾಗ ‘ಅದಕ್ಕೆ ಜ್ವರ’ ಅಂದ್ರು. ನಾನೇನು ಹೆದರ್ಲಿಲ್ಲಪ್ಪ. ನಿಮ್ಮವರು ಓದಿದ್ರೆ, ಯಂತ್ರವೂ ನಮ್ಮವನೇ ಅಂತ ಬೆಲ್ಲ ನೀರು ಕೊಟ್ಟಾರು!”

ವಾಗ್ದೇವಿ ನಗಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಎಳವೆಯಲ್ಲಿ ಅವಳಿಗೆ ಹೊದೆಸಿ ಅಮ್ಮ ಮನೆಯವರಿಗೆ ಹೇಳುತ್ತಿದ್ದುದೂ ‘ಅದು ಮಲಗಿದೆ’ ಎಂದೇ. ಪ್ರೀತಿಯಿಂದ ಆಡುವ ಪದದಿಂದ ಹೆದರಿಸುವುದು ಹೇಗೆ?

“ಹೆಂಗಸನ್ನು ತೆಗೆಯುತ್ತೇನೆ. ಆ ಕುರ್ಚಿಯಲ್ಲಿ ಗಂಡಸು ಕೂರಲಿ. ಗಂಡಸನ್ನು ನಾವು ಯಾವತ್ತೂ ‘ಅದು’ ಅನ್ನುವುದಿಲ್ಲ.”

“ಈಗಲಾ? ಕ್ರಿಯಾಪದ ಒಂದೊಂದೂ ಬದಲಾಗ್ಬೇಕಲ್ಲ ಅಕ್ಕ! ಅಚ್ಚಿನ ಮೊಳೆ ಜೋಡಿಸಿ ಆಗಿಯೂ ಉಂಟು.”

“ಬಿಚ್ಚು.”

ಆ ನಾಯಕಿ ಹೆಚ್ಚುಕಡಿಮೆ ವಾಗ್ದೇವಿಯೇ. ಅವಳ ಕೆಮ್ಮು, ಅವಳ ಸಿಡುಕು, ಅವಳ ಒಂಟಿತನ ಎಲ್ಲ ಆ ಪಾತ್ರದಲ್ಲಿದ್ದವು. ಒಂದು ಪದ ಉಳಿಯಲೆಂದು ತನ್ನನ್ನೇ ಪುಸ್ತಕದಿಂದ ಹೊರಗೆ ಹಾಕುವ ಲೇಖಕರು ಕಡಿಮೆ. ಅವಳು ಹಸ್ತಪ್ರತಿಯ ಕಟ್ಟನ್ನು ಬಸ್ಸಿನಲ್ಲಿ ಮನೆಗೆ ಹೊತ್ತು ತಂದಳು, ಒಂದು ಮಳೆಗಾಲವಿಡೀ ಕೂತು ಮೊದಲಿನಿಂದ ಬರೆದಳು. ಯಾರೊಡನೆಯೂ ಗೊಣಗಲಿಲ್ಲ.

ಹೊಸ ಪ್ರತಿಯ ಕೊನೆಯ ಪುಟವನ್ನು ಶೇಷಪ್ಪ ಅವಳೆದುರೇ ನಿಂತು ಓದಿದ. ಮತ್ತೊಮ್ಮೆ ಓದಿದ. ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು.

“ಎತ್ತು ಮಾರಾಯ.”

“ನೀವೇ ಎತ್ತಿ ಅಕ್ಕ,” ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.