ಮಗ್ಗುಲು ಬದಲಿಸಿದ ಹಾಳೆ

ಬೆಳಕು ಹರಿಯುವ ಮೊದಲು ದೊಡ್ಡಕ್ಕ ಮುಗಿಸುವ ಕೆಲಸಗಳು ಇವು: ನೆನೆಹಾಕಿದ ಬಟ್ಟೆ ಒಗೆದು ಹಿಂಡಿ ತಂತಿಗೆ ಹರವುವುದು, ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯೊಳಗೆ ಎರಡು ಡ್ರಮ್ಮು, ಆರು ಕೊಡ ತುಂಬಿಕೊಳ್ಳುವುದು, ಮಧ್ಯಾಹ್ನದ ಅಡುಗೆ ಮಾಡಿ ಮುಚ್ಚಿಡುವುದು, ಯಾವ ಪಾತ್ರೆಯಲ್ಲಿ ಏನಿದೆ ಎಂದು ಗಂಡನಿಗೆ ಹೇಳುವುದು, ಅವನು ‘ಹೂಂ’ ಎಂದು ಗೋಡೆಯ ಕಡೆ ಹೊರಳಿದ ಮೇಲೆ, ಅವನ ಕಿವಿಗೆ ಏನೂ ಬಿದ್ದಿಲ್ಲವೆಂದು ಗೊತ್ತಿದ್ದೂ ಇನ್ನೊಮ್ಮೆ ಹೇಳುವುದು, ಅವನ ಚಹಾ ಫ್ಲಾಸ್ಕಿಗೆ ಸುರಿದು, ಅದರ ಮುಚ್ಚಳವನ್ನು ಅರ್ಧ ಸಡಿಲಿಸಿ, ಲೋಟದ ಜೊತೆ ಮಂಚದ ಪಕ್ಕದಲ್ಲಿಡುವುದು. ಗಂಡನಿಗೆ ಲಕ್ವ ಹೊಡೆದಿಲ್ಲ, ಕೈ ಮುರಿದಿಲ್ಲ. ಅವನಿಗೆ ಬಂದಿರುವುದು ಬೇರೆ ಕಾಯಿಲೆ. ಅದು ಮದುವೆಯ ದಿನ ಹಿಡಿದದ್ದು, ಇನ್ನೂ ಬಿಟ್ಟಿಲ್ಲ.

ಇಷ್ಟಾದ ಮೇಲೆ ಬಸ್ಸು. ಆರು ಗಂಟೆಗೆ ಅವಳು ವೃದ್ಧರ ಆರೈಕೆ ಮನೆಯ ಮೇಲಿನ ಮಹಡಿಯಲ್ಲಿರಬೇಕು.

ಕೆಳಗಿನ ಮಹಡಿಯಲ್ಲಿ ಮೀನಿನ ತೊಟ್ಟಿ ಇದೆ, ಮೆತ್ತನೆಯ ಸೋಫಾ ಇದೆ, ನಗುವ ಅಜ್ಜ ಅಜ್ಜಿಯ ದೊಡ್ಡ ಫೋಟೋ ಇದೆ. ಆ ಅಜ್ಜ ಅಜ್ಜಿ ಈ ಮನೆಯವರಲ್ಲ, ಫೋಟೋದ ಜೊತೆಗೇ ಬಂದವರು. ಮೀನುಗಳಿಗೆ ಹೊತ್ತು ಹೊತ್ತಿಗೆ ತಿಂಡಿ, ವಾರಕ್ಕೊಮ್ಮೆ ನೀರು ಬದಲಾವಣೆ. ಅವನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬ ಬರುತ್ತಾನೆ. ಮೇಲಿನ ಮಹಡಿಯಲ್ಲಿ ಹದಿನಾಲ್ಕು ಮಂಚ, ಹದಿನಾಲ್ಕು ಮುದುಕಿಯರು, ಇಬ್ಬರು ಆಯಾಗಳು. ಅವರಲ್ಲಿ ಒಬ್ಬಳು ಯಾವಾಗಲೂ ರಜೆ, ಯಾಕೆಂದರೆ ಅವಳಿಗೂ ಸೊಂಟ ಹಿಡಿದಿದೆ.

ದೊಡ್ಡಕ್ಕ ಈ ಕೆಲಸ ಕಲಿತದ್ದು ಅತ್ತೆಯ ಹಾಸಿಗೆಯ ಪಕ್ಕದಲ್ಲಿ. ಹನ್ನೊಂದು ವರ್ಷ ಮಲಗಿದಲ್ಲೇ ಇದ್ದ ಆ ಹೆಂಗಸಿನ ಬೆನ್ನ ಮೇಲೆ ಒಂದೂ ಹುಣ್ಣು ಏಳಲಿಲ್ಲ. ಅತ್ತೆ ಸತ್ತ ದಿನ ನೆಂಟರೆಲ್ಲ ಗಂಡನ ಬೆನ್ನು ತಟ್ಟಿದರು: “ತಾಯೀನ ಹೂವಿನ ಹಾಗೆ ನೋಡ್ಕೊಂಡ್ಯಪ್ಪ.” ಅವನು ತಲೆ ತಗ್ಗಿಸಿ ಅದನ್ನು ಒಪ್ಪಿಕೊಂಡ. ದೊಡ್ಡಕ್ಕ ಆಗ ಅಡುಗೆಮನೆಯಲ್ಲಿ, ಬಂದವರಿಗೆಲ್ಲ ಚಹಾ ಮಾಡುತ್ತಿದ್ದಳು. ಆಮೇಲೆ ಕೆಲಸ ಕೇಳಲು ಬಂದಾಗ ಇಲ್ಲಿಯ ಮಾಲೀಕರು, ಎಲ್ಲರ ಬಾಯಲ್ಲಿ ಸಾಹೇಬರು, ಅನುಭವ ಎಷ್ಟೆಂದು ಕೇಳಿದರು.

“ಹನ್ನೊಂದು ವರ್ಷ ಸರ್.”

“ಯಾವ ಆಸ್ಪತ್ರೆ?”

“ಮನೇಲಿ.”

“ಅದೆಲ್ಲ ಅನುಭವ ಅಲ್ಲಮ್ಮ,” ಎಂದು ನಕ್ಕು ಫಾರಂನಲ್ಲಿ ‘ಇಲ್ಲ’ ಎಂದು ಬರೆದುಕೊಂಡರು.

ಮೊದಲ ದಿನವೇ ಅವಳಿಗೆ ಹೊಸ ವಿದ್ಯೆ ಹೇಳಿಕೊಟ್ಟವರು ಆಯಾಗಳ ಮೇಲ್ವಿಚಾರಕಿ, ಮೇಟ್ರನ್. ಪ್ರತಿ ಮಂಚದ ಕಾಲ ಬಳಿ ರಟ್ಟಿಗೆ ಸಿಕ್ಕಿಸಿದ ಒಂದು ಹಾಳೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಎಡಕ್ಕೆ, ಬಲಕ್ಕೆ, ಅಂಗಾತ ಹೊರಳಿಸಿ, ಹೊತ್ತು ಬರೆದು ಸಹಿ ಹಾಕಬೇಕು. ಹಾಗೆ ಹೊರಳಿಸದಿದ್ದರೆ ಮೂಳೆ ಒತ್ತುವ ಕಡೆಯ ಚರ್ಮ ಕೆಂಪಾಗುತ್ತದೆ, ಆಮೇಲೆ ಬಿರಿಯುತ್ತದೆ, ಆಮೇಲೆ ಕೊಳೆಯುತ್ತದೆ. ಒಬ್ಬಳೇ ಹೆಂಗಸು ಹದಿನಾಲ್ಕು ಮೈಗಳನ್ನು ಎರಡೆರಡು ಗಂಟೆಗೆ ಹೊರಳಿಸಿ, ತೊಳೆದು, ಉಣಿಸಿ, ಬಟ್ಟೆ ಬದಲಿಸಲಾರಳು. ಅದಕ್ಕೆ ಮೇಟ್ರನ್ ಕಂಡುಕೊಂಡ ಉಪಾಯವೆಂದರೆ, ಬೆಳಗಿನ ಚಹಾ ಕುಡಿಯುತ್ತ ರಾತ್ರಿ ಎಂಟರವರೆಗಿನ ಸಹಿಗಳನ್ನು ಒಟ್ಟಿಗೇ ಹಾಕಿಬಿಡುವುದು.

“ಒಂದೇ ಪೆನ್ನಲ್ಲಿ ಬರೀಬೇಡ ಕಣೇ, ನೋಡಿದವರಿಗೆ ಗೊತ್ತಾಗುತ್ತೆ,” ಎಂದು ಅವರು ಒಂದು ಲೋಟದಲ್ಲಿ ಮೂರು ಬಗೆಯ ಪೆನ್ನು ಇಟ್ಟಿದ್ದರು. ತಪಾಸಣೆಗೆ ಬರುವವರು ಹಾಳೆ ನೋಡುತ್ತಾರೆ, ತಲೆಯಾಡಿಸುತ್ತಾರೆ, ಕೆಳಗೆ ಹೋಗಿ ಬಿಸ್ಕತ್ತು ತಿನ್ನುತ್ತಾರೆ. ಈವರೆಗೆ ಒಬ್ಬನೂ ಒಬ್ಬ ಮುದುಕಿಯ ಬೆನ್ನು ನೋಡಿದವನಲ್ಲ. ಬೆನ್ನು ನೋಡುವುದು ಆಯಾಗಳ ಕೆಲಸವಂತೆ.

ಹತ್ತು ವರ್ಷದಿಂದ ದೊಡ್ಡಕ್ಕ ಹೀಗೆ ಸಹಿ ಹಾಕುತ್ತಿದ್ದಾಳೆ. ಕೈಲಾದಷ್ಟು ಹೊರಳಿಸುತ್ತಾಳೆ, ಕೈಲಾಗದ್ದನ್ನೂ ಬರೆದಿಟ್ಟಿರುತ್ತಾಳೆ. ಸಾಹೇಬರ ಮೇಲೆ, ಮೇಟ್ರನ್ ಮೇಲೆ ಅವಳಿಗಿದ್ದ ತಾತ್ಸಾರದಲ್ಲಿ ಒಂದು ಪಾಲು ಸಹಿ ಹಾಕುವ ತನ್ನ ಕೈಯ ಮೇಲೂ ಇತ್ತು.

ಒಂಬತ್ತನೇ ಮಂಚ ಟೀಚರಮ್ಮನದು. ಮೂವತ್ತೈದು ವರ್ಷ ಲೆಕ್ಕ ಕಲಿಸಿದವರು. ಈಗ ಯಾರಾದರೂ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕಬಲ್ಲರು, ಅಷ್ಟೇ. ನಾಲಿಗೆಗೆ ಮಾತ್ರ ಯಾರ ಆಸರೆಯೂ ಬೇಡ. ಆ ದಿನ ಬೆಳಿಗ್ಗೆಯೂ ಶುರುಮಾಡಿದರು.

“ಏನೇ ದೊಡ್ಡಕ್ಕ, ನನ್ನ ಹಾಳೇಲಿ ಸಂಜೆ ಆರಕ್ಕೆ ಯಾವ ಕಡೆ ಮಲಗಿದೀನಿ?”

“ಬಲಕ್ಕೆ ಟೀಚರಮ್ಮ.”

“ಸದ್ಯ. ಸಂಜೆ ಕಿಟಕಿ ಕಾಣುತ್ತೆ. ರಾತ್ರಿ ಎಂಟಕ್ಕೆ ಬದುಕಿರ್ತೀನಾ, ಅದನ್ನೂ ಬರೆದಿದೀಯಾ?”

“ಬರೆದಿದೀನಿ. ಅಂಗಾತ ಮಲಗಿ ನನ್ನ ಬೈತಿರ್ತೀರಿ.”

ಇಬ್ಬರೂ ನಕ್ಕರು.

ಎಂಟೂಕಾಲಿಗೆ ಕೆಳಗಿನಿಂದ ಮೇಟ್ರನ್ ಕೂಗಿದರು: “ದೊಡ್ಡಕ್ಕಾ, ಹೊಸ ಪಾರ್ಟಿ ಬಂದಿದ್ದಾರೆ. ಬೆಲ್ ಆಫ್ ಮಾಡೇ!”

ಇದೂ ಇಲ್ಲಿಯ ಪದ್ಧತಿ. ತಾಯಿಯನ್ನೋ ಅತ್ತೆಯನ್ನೋ ಸೇರಿಸಲು ಮನೆಯವರು ನೋಡಲು ಬಂದಾಗ ಮೇಲಿನ ಮಹಡಿಯ ಕರೆಗಂಟೆಗಳು ಬಡಿದುಕೊಳ್ಳುತ್ತಿದ್ದರೆ ಚೆನ್ನಾಗಿರುವುದಿಲ್ಲ. ಆದ್ದರಿಂದ ಎಲ್ಲ ಮಂಚಗಳ ಬೆಲ್ಲಿಗೂ ಒಂದೇ ಸ್ವಿಚ್ಚು, ಕೋಣೆಗಳ ನಡುವಿನ ಓಣಿಯ ಗೋಡೆಯ ಮೇಲೆ. ಬಂದವರು ಮೀನು ನೋಡಿ, ಫೋಟೋ ನೋಡಿ, “ಎಷ್ಟು ಶಾಂತವಾಗಿದೆ” ಎಂದು ಹೋಗುತ್ತಾರೆ. ಅವರು ಹೋದ ಮೇಲೆ, ಆನ್ ಮಾಡು ಎಂದು ಮೇಟ್ರನ್ ಮತ್ತೆ ಕೂಗುತ್ತಾರೆ. ಇವತ್ತೂ ದೊಡ್ಡಕ್ಕ ಸ್ವಿಚ್ಚು ಆಫ್ ಮಾಡಿ, ಓಣಿಯ ಕೊನೆಯ ಕೋಣೆಗೆ ಸ್ನಾನ ಮಾಡಿಸಲು ಹೋದಳು. ಅಲ್ಲಿಂದ ಇನ್ನೊಬ್ಬರು, ಅಲ್ಲಿಂದ ಮತ್ತೊಬ್ಬರು. ಮೇಟ್ರನ್ ಕೂಗಲಿಲ್ಲ. ಅವರಿಗೆ ನೆನಪು ಹಾರಿತ್ತು. ದೊಡ್ಡಕ್ಕನಿಗೂ ಹಾರಿತ್ತು.

ಒಂಬತ್ತೂಕಾಲಿಗೆ ಟೀಚರಮ್ಮ ಪಾಯಖಾನೆಯ ಒದ್ದೆ ನೆಲದ ಮೇಲೆ ಬಿದ್ದಿರುವುದು ಅವಳ ಕಣ್ಣಿಗೆ ಬಿತ್ತು. ಬಲಗಾಲು ಸೊಟ್ಟಗೆ ಹೊರಕ್ಕೆ ತಿರುಗಿತ್ತು. ಸೀರೆ ಒದ್ದೆಯಾಗಿತ್ತು.

“ಹದಿನೇಳು ಸಲ ಒತ್ತಿದೆ ಕಣೇ,” ಎಂದರು ಟೀಚರಮ್ಮ. ಹಲ್ಲು ಕಚ್ಚಿಕೊಂಡೇ ಮಾತು. “ಆಮೇಲೆ ತಡೆಯೋಕಾಗಲಿಲ್ಲ. ಹಾಸಿಗೆ ಮೇಲೆ ಮಾಡಿಕೊಂಡ್ರೆ ನಿನಗೇ ಕೆಲಸ ಅಂತ ಎದ್ದೆ. ಬೆಲ್ ಕೆಟ್ಟಿದೆಯೇನೇ?”

“ಹೂಂ,” ಎಂದಳು ದೊಡ್ಡಕ್ಕ. “ಕೆಟ್ಟಿರಬೇಕು.”

ಆಂಬುಲೆನ್ಸು ಒಂಬತ್ತೂಮುಕ್ಕಾಲಿಗೆ ಅವರನ್ನು ಒಯ್ದಿತು. ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು: ಸೊಂಟದ ಮೂಳೆ ಮುರಿದಿದೆ, ಈ ವಯಸ್ಸಿಗೆ ಆಪರೇಷನ್ನು ಅಪಾಯ. ಜೊತೆಗೆ ಹೊರಳಿಸಿ ನೋಡಿದಾಗ ಬೆನ್ನ ಕೆಳಗೆ ಎರಡು ಬೆರಳು ಅಗಲದ ಹುಣ್ಣು ಕಂಡಿದೆ. ನೋಡಿಕೊಳ್ಳುತ್ತಿದ್ದವರು ಯಾರು ಎಂದು ಅಲ್ಲಿಯ ಡಾಕ್ಟರು ಮಗಳನ್ನು ಕೇಳಿದ್ದಾರೆ. ಟೀಚರಮ್ಮನಿಗೆ ಇಬ್ಬರು ಗಂಡುಮಕ್ಕಳೂ ಇದ್ದಾರೆ. ಆದರೆ ಇಂಥ ಹೊತ್ತಿಗೆಂದು ಫಾರಂನಲ್ಲಿ ಬರೆದಿರುವುದು ಮಗಳ ನಂಬರು, ಆಸ್ಪತ್ರೆಗೆ ಓಡಿದವಳೂ ಅವಳೇ. ನಾಲ್ಕು ಗಂಟೆಗೆ ಬರುತ್ತೇನೆ, ಅಮ್ಮನ ಕಾಗದಗಳೆಲ್ಲ ಬೇಕು ಎಂದು ಅವಳು ಫೋನಿನಲ್ಲಿ ಹೇಳಿದಳು.

ಮೇಟ್ರನ್ ಒಂಬತ್ತನೇ ಹಾಳೆ ಹಿಡಿದು ಓಡಿ ಬಂದರು. “ಹತ್ತಕ್ಕೆ ಎಡಕ್ಕೆ, ಹನ್ನೆರಡಕ್ಕೆ ಬಲಕ್ಕೆ! ಆ ಹೊತ್ತಿಗೆ ಅವರು ಆಸ್ಪತ್ರೇಲಿ. ಖಾಲಿ ಮಂಚ ಹೊರಳಿಸಿದ್ಯೇನೇ?”

“ನೀವು ಕಲಿಸಿದ್ದೇ ಹಾಗೆ ಮೇಡಂ.”

“ನನ್ನ ತಲೆಗೆ ಕಟ್ಟಬೇಡ ಕಣೇ ತಾಯಿ!”

ಸಾಹೇಬರು ಮೇಲೆ ಬಂದರು. ಅವರು ಮೇಲೆ ಬರುವುದೇ ಅಪರೂಪ. ಬಂದರೆ ಮೂಗಿಗೆ ಕರವಸ್ತ್ರ. ಈಗ ಅದನ್ನೂ ಇಳಿಸಿ, ದನಿ ಇಳಿಸಿ ಮಾತಾಡಿದರು.

“ನೋಡಮ್ಮ, ನಾವೆಲ್ಲ ಒಂದೇ ಮನೆಯವರು.”

ಅವರು ಹೀಗೆಂದಾಗಲೆಲ್ಲ ಯಾವುದೋ ಹೆಂಗಸು ಏನನ್ನೋ ಉಜ್ಜಬೇಕಾಗುತ್ತದೆ ಎಂಬುದು ದೊಡ್ಡಕ್ಕನಿಗೆ ಗೊತ್ತಿತ್ತು.

“ಈ ಹಾಳೆ ಹರಿದುಹಾಕಿ ಹೊಸದು ಬರಿ. ಎಂಟಕ್ಕೆ ಹೊರಳಿಸಿದೆ, ಕೆಳಗೆ ಇಳೀಬೇಡಿ ಅಂತ ಮೂರು ಸಲ ಹೇಳಿದೆ, ಅವರು ಹಠ ಮಾಡಿ ಎದ್ದರು. ಅಷ್ಟೇ. ವಯಸ್ಸಾದವರು ಹಠ ಮಾಡ್ತಾರೆ, ಅದು ಸಹಜ. ಯಾರ ತಪ್ಪೂ ಅಲ್ಲ.”

“ಬರೀದಿದ್ರೆ ಸರ್?”

ಸಾಹೇಬರಿಗೆ ನಿಜವಾಗಿ ಬೇಸರವಾಯಿತು, ಮುಂದಿದ್ದ ಮೇಜೇ ಎದುರು ಮಾತಾಡಿದಂತೆ. “ಬರೀದಿದ್ರೆ ಬೆಲ್ ಆಫ್ ಮಾಡಿದ್ದು ಯಾರ ಕೈ ಅಂತ ಕೇಳಬೇಕಾಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ನಾಲ್ಕರೊಳಗೆ ಆಗಲಿ.”

ಬಟ್ಟೆ ಮಡಚುವ ಕೋಣೆಯಲ್ಲಿ ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಮುಂದಿಟ್ಟುಕೊಂಡು ಅವಳು ಕೂತಳು. ಗಂಡನಿಗೆ ಫೋನು ಮಾಡಿ ಕೇಳೋಣ ಎಂದು ಒಂದು ಗಳಿಗೆ ಅನ್ನಿಸಿತು. ಮಾಡಿದರೆ, ಇವತ್ತಿನ ಪಲ್ಯ ಯಾವ ಪಾತ್ರೆಯಲ್ಲಿದೆ ಎಂದು ಅವನೇ ಮೊದಲು ಕೇಳುತ್ತಾನೆ. ಬೇಡ.

ಹಠವಂತೆ. ಬೆಲ್ಲು ಒತ್ತಿ ಒತ್ತಿ, ಯಾರೂ ಬಾರದೆ, ಇನ್ನೊಬ್ಬಳಿಗೆ ಹಾಸಿಗೆ ತೊಳೆಯುವ ಕೆಲಸ ತಪ್ಪಿಸಲೆಂದು ಎದ್ದವಳದು ಹಠ. ಅತ್ತೆಯೂ ಹಾಗೇ, ಮಗ ಮನೆಯಿಂದ ಹೊರಡುವವರೆಗೆ ಹೊಟ್ಟೆ ಹಿಡಿದುಕೊಂಡು ಮಲಗಿರುತ್ತಿದ್ದಳು, ಅವನಿಗೆ ನಾತ ಬರಬಾರದೆಂದು. ಅದಕ್ಕೆ ‘ತಾಳ್ಮೆ’ ಎನ್ನುತ್ತಿದ್ದರು. ಹೆಂಗಸರು ತಡೆದುಕೊಂಡರೆ ಅವರಿಗೊಂದು ಒಳ್ಳೆಯ ಹೆಸರು, ತಡೆಯಲಾಗದೆ ಎದ್ದರೆ ಇನ್ನೊಂದು ಹೆಸರು. ಹೆಸರಿಡುವವರು ಮಾತ್ರ ಎಂದೂ ಬಕೆಟ್ಟು ಎತ್ತಿದವರಲ್ಲ.

ಹೊಸ ಹಾಳೆ ತುಂಬಲು ಐದು ನಿಮಿಷ ಸಾಕು. ಕೆಲಸ ಉಳಿಯುತ್ತದೆ. ಟೀಚರಮ್ಮ ಆಪರೇಷನ್ನಿನಲ್ಲಿ ಹೋಗಿಬಿಟ್ಟರೆ, ಅವರು ತಮ್ಮ ಹಠದಿಂದಲೇ ಸತ್ತರೆಂದು ದೊಡ್ಡಕ್ಕನ ಅಕ್ಷರದಲ್ಲಿ ಉಳಿಯುತ್ತದೆ. ಹಳೆಯ ಹಾಳೆ ಕೊಟ್ಟರೆ ಅವಳದೇ ಸುಳ್ಳು, ಅವಳದೇ ಸಹಿ, ಹಾಳೆಯ ಎಂಟೂ ಚೌಕ ತುಂಬ. ಸಾಹೇಬರು ನಾಳೆಯೇ ಅವಳನ್ನು ಪೊಲೀಸರ ಮುಂದೆ ನಿಲ್ಲಿಸಿ, ತಾವು ಮೀನಿನ ತೊಟ್ಟಿಯ ಪಕ್ಕ ನಿಂತು ಮರುಗಿಯಾರು.

ಅವಳು ಹಳೆಯ ಹಾಳೆಯನ್ನು ತಿರುಗಿಸಿ ಅದರ ಬೆನ್ನ ಮೇಲೆ ಬರೆದಳು: ‘ಈ ಸಹಿಗಳನ್ನೆಲ್ಲ ಬೆಳಿಗ್ಗೆ ಆರೂವರೆಗೆ ಒಟ್ಟಿಗೆ ಹಾಕಿದ್ದೇನೆ. ದಿನವೂ ಹಾಗೇ ಮಾಡುತ್ತೇವೆ. ಬೆಲ್ಲು ಆಫ್ ಮಾಡಿದ್ದು ನಾನು. ಮಾಡು ಎಂದವರು ಮೇಟ್ರನ್. ಹೊಸಬರು ನೋಡಲು ಬಂದಾಗಲೆಲ್ಲ ಆಫ್ ಮಾಡಬೇಕೆಂಬುದು ಸಾಹೇಬರ ಅಪ್ಪಣೆ. ಟೀಚರಮ್ಮ ಬಹಳ ಹೊತ್ತು ಕರೆದರು. ಹಠ ಮಾಡಲಿಲ್ಲ. ಬೆಲ್ಲು ಕೆಟ್ಟಿದೆ ಎಂದು ಅವರಿಗೆ ನಾನು ಹೇಳಿದ್ದು ಸುಳ್ಳು.’ ಕೆಳಗೆ ಪೂರ್ತಿ ಹೆಸರು ಬರೆದಳು.

ಇನ್ನೇನು ಏಳಬೇಕು, ಆಗ ಹೊಳೆಯಿತು. ಸಾಹೇಬರು, ಮೇಟ್ರನ್ ಇಬ್ಬರಿಗೂ ಚಿಂತೆ ಇದ್ದದ್ದು ಒಂದೇ ಹಾಳೆಯದು. ಉಳಿದ ಮಂಚಗಳ ಕಾಲ ಬಳಿ ಇನ್ನೂ ಹದಿಮೂರು ತೂಗುತ್ತಿದ್ದವು. ಗಂಟೆ ನಾಲ್ಕಾಗಲು ಇನ್ನೂ ಹತ್ತು ನಿಮಿಷ. ಆ ಹದಿಮೂರರಲ್ಲೂ ನಾಲ್ಕು, ಆರು, ಎಂಟು ಗಂಟೆಯ ಸಹಿ ಆಗಲೇ ಮುಗಿದುಹೋಗಿತ್ತು.

ಅವಳು ಹೊಸ ಹಾಳೆಯನ್ನು ಖಾಲಿಯಾಗಿಯೇ ಮೇಜಿನ ಮೇಲೆ ಬಿಟ್ಟಳು. ಒಂದೊಂದೇ ಮಂಚದ ಬಳಿ ಹೋಗಿ ರಟ್ಟಿನಿಂದ ಹಾಳೆ ಬಿಡಿಸಿಕೊಂಡಳು. ಯಾರೂ ಕೇಳಲಿಲ್ಲ, ಮೂರನೇ ಮಂಚದ ಮುದುಕಿ ಮಾತ್ರ ಕಣ್ಣು ತೆರೆದು ಅವಳನ್ನೇ ನೋಡಿದಳು. ಕೆಳಗೆ ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಮೇಟ್ರನ್ ಸ್ವಾಗತದ ದನಿ ತೆಗೆದರು. ಕಾಗದ ಮೇಟ್ರನ್ ಕೈಗೆ ಸಿಗಬಾರದು, ನೇರ ಮಗಳ ಕೈಗೇ ಹೋಗಬೇಕು ಎಂದುಕೊಂಡು ದೊಡ್ಡಕ್ಕ ಹದಿನಾಲ್ಕೂ ಹಾಳೆಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.