ಹನ್ನೊಂದನೆಯ ಜಾಗ

ನನ್ನ ಗೆಳತಿಯನ್ನು ಎಲ್ಲರೂ ಬಕೆಟ್ಟಕ್ಕ ಎಂದೇ ಕರೆಯುತ್ತಿದ್ದರು. ಹಾಲು ಕರೆಯುವ ಹೊತ್ತಿಗೆ ಅವಳು ತಗಡಿನ ಬಕೆಟ್ಟನ್ನು ಸೌಟಿನಿಂದ ಮೂರು ಸಲ ಬಡಿದು, ಒಂದು ಗಳಿಗೆ ಉಸಿರು ಹಿಡಿದು, ಮತ್ತೊಮ್ಮೆ ಬಡಿಯುತ್ತಿದ್ದಳು. ಮೇಯುತ್ತಿದ್ದ ಹಸುಗಳು ಬಾಯಲ್ಲಿದ್ದ ಹುಲ್ಲಿನ ಸಮೇತ ಹೊರಟುಬರುತ್ತಿದ್ದವು. ಹೋದ ತಿಂಗಳು ಅವಳು ತೀರಿಕೊಂಡಳು. ಬರೆಯಲು ಕೂತರೆ ಆ ಬಿರುಗಾಳಿಯೇ ಕಣ್ಣಿಗೆ ಕಟ್ಟುತ್ತದೆ.

ಅದು ಬಂದದ್ದು ಮಧ್ಯಾಹ್ನ. ಆಕಾಶ ಕಪ್ಪಿಡುತ್ತಿದ್ದಂತೆ ಅವಳು ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚತೊಡಗಿದಳು. ಅವಳ ತಮ್ಮ ಅಡ್ಡ ನಿಂತ.

"ಅಕ್ಕಾ, ತಲೆ ಕೆಟ್ಟಿದೆಯಾ? ಬಿಟ್ರೆ ದಿಕ್ಕಾಪಾಲಾಗ್ತವೆ. ಆಮೇಲೆ ಒಂದೂ ಕೈಗೆ ಸಿಗಲ್ಲ."

"ಕಂಬ ನರಳ್ತಿರೋದು ಕೇಳಿಸ್ತಿಲ್ವೇನೋ? ಬದುಕಿದ್ರೆ ತಾನೆ ಸಿಗೋದು!"

ಮನೆ ನಡೆಯುತ್ತಿದ್ದುದೇ ಆ ಹನ್ನೊಂದು ಹಸುಗಳಿಂದ. ಹನ್ನೊಂದನ್ನೂ ಬಿಟ್ಟಳು. ಅರ್ಧ ಗಂಟೆಯಲ್ಲಿ ಕೊಟ್ಟಿಗೆ ನೆಲಸಮವಾಯಿತು.

ಮಾರನೆಯ ದಿನ ನಾನು ಹೋದಾಗ ಸೂರಿನ ತಗಡುಗಳು ಹೊಲದಾಚೆ ಮಡಚಿಕೊಂಡು ಬಿದ್ದಿದ್ದವು. ಬೆಳಗಿನಿಂದ ಹುಡುಕಿ ಬರಿಗೈಲಿ ಬಂದ ತಮ್ಮ ಅಕ್ಕನ ಮುಖ ನೋಡಲಿಲ್ಲ. ಅವಳು ಮುರಿದ ತೊಲೆಗಳನ್ನು ಪಕ್ಕಕ್ಕೆಳೆದು ಕೊಟ್ಟಿಗೆಯ ನೆಲ ಗುಡಿಸುತ್ತಿದ್ದಳು. ನಾಲ್ಕು ಗಂಟೆಗೆ ನುಜ್ಜುಗುಜ್ಜಾದ ಬಕೆಟ್ಟನ್ನು ಕಲ್ಲಿನಿಂದ ಕುಟ್ಟಿ ಸರಿಮಾಡಿ ಬಡಿದಳು. ಅದು ಕೆಮ್ಮಿದಂತೆ ಸದ್ದು ಮಾಡಿತು.

"ಇದು ಅವಕ್ಕೆ ಗುರುತು ಸಿಗತ್ತೇನೇ?" ಎಂದೆ.

"ನೆಗಡಿಯಾದಾಗ ನಿನ್ನ ದನಿ ನನಗೆ ಗೊತ್ತಾಗಲ್ವಾ? ಸುಮ್ನಿರು."

ಕಾದೆವು. ದೂರದ ದಿಬ್ಬದ ಮೇಲೆ ಮೊದಲು ಕೆಂದ ಹಸು ಕಂಡಿತು. ಅದರ ಹಿಂದೆ ಮೈಯೆಲ್ಲ ಕೆಸರು ಮೆತ್ತಿಕೊಂಡು ಉಳಿದವು. ಗೋಡೆಯಿಲ್ಲ, ಕಂಬವಿಲ್ಲ, ಸುತ್ತ ಬಟ್ಟಬಯಲು. ಆದರೂ ಅವು ಬಾಗಿಲಿದ್ದ ಕಡೆಯಿಂದಲೇ ಒಂದರ ಹಿಂದೊಂದು ಒಳಬಂದು, ತಂತಮ್ಮ ಜಾಗದಲ್ಲಿ ಸಾಲಾಗಿ ನಿಂತವು. ಹತ್ತು. ಐದನೆಯದರ ಪಕ್ಕ ಒಂದು ಹಸುವಿನಷ್ಟು ತೆರಪು. ಅಲ್ಲಿ ನಿಲ್ಲುತ್ತಿದ್ದ ಮುದಿ ಕರಿ ಹಸು ಬಂದಿರಲಿಲ್ಲ. ಅಕ್ಕಪಕ್ಕದವು ಆ ಜಾಗಕ್ಕೆ ಒಂದು ಗೊರಸನ್ನೂ ಇಡಲಿಲ್ಲ. ಬಿರುಗಾಳಿಗೆ ಕೆಡವಲಾಗದ ಕೊಟ್ಟಿಗೆಯೊಂದು ಅವುಗಳೊಳಗೆ ಹಾಗೇ ನಿಂತಿತ್ತು.

ಹೊಸ ಕೊಟ್ಟಿಗೆಗೆ ಅಳತೆ ತೆಗೆಯಲು ಬಡಗಿ ಟೇಪು ಹಿಡಿದು ಬಂದಾಗ ಅವಳು, "ಅದನ್ನ ಒಳಗಿಡಪ್ಪ, ಹಾಲು ಕರೆಯೋ ಹೊತ್ತಿನವರೆಗೂ ಕೂತ್ಕೋ" ಎಂದಳು. ಹಸುಗಳು ಬಂದು ನಿಂತಲ್ಲಿ ಅವನು ಗೂಟ ನೆಟ್ಟು ಗುರುತು ಮಾಡಬೇಕಾಯಿತು.

"ಎಷ್ಟೋ ಮೇಸ್ತ್ರಿಗಳ ಕೈಕೆಳಗೆ ದುಡಿದಿದೀನಮ್ಮ. ಬಾಲ ಇರೋ ಮೇಸ್ತ್ರಿ ಇದೇ ಮೊದಲು. ಹತ್ತು ಜಾಗ ತಾನೆ?"

"ಹನ್ನೊಂದು."

ಕರಿ ಹಸು ಬರಲೇ ಇಲ್ಲ. "ಅದರ ಹಗ್ಗ ಬಿಚ್ಚಿದ್ದೂ ಇದೇ ಕೈ" ಎಂದು ಅವಳು ಒಮ್ಮೆ ಮಾತ್ರ ಹೇಳಿದಳು. ಹೊಸ ಕೊಟ್ಟಿಗೆಯಲ್ಲಿ ಆ ಜಾಗಕ್ಕೆ ಬೇರೆ ಹಸು ತರಲಿಲ್ಲ. ಸ್ಟೂಲು ಹಾಕಿಕೊಂಡು ತಾನೇ ಕೂರತೊಡಗಿದಳು.

ಅವಳನ್ನು ಮಣ್ಣು ಮಾಡಿ ಬಂದ ದಿನ ನಾಲ್ಕಕ್ಕೆ ತಮ್ಮ ಬಕೆಟ್ ಬಡಿದ. ಹಸುಗಳು ತಲೆಯೆತ್ತಿದವು, ಕದಲಲಿಲ್ಲ.

"ಕೊನೇ ಏಟಿಗೆ ಮುಂಚೆ ಉಸಿರು ಹಿಡಿಯೋ" ಎಂದೆ.

ಹಿಡಿದ. ಬಂದವು. ಸ್ಟೂಲಿನ ಜಾಗ ಬಿಟ್ಟು ನಿಂತವು.