ಮಾಬ್ಲ ಆಚಾರಿ ಸರಿಮಾಡಿದ ಪೀಪಾಯಿ

ಮಾಬ್ಲ ಆಚಾರಿ ಕೂಡಿಸಿದ ಹಲಗೆಗಳ ಸಂದಿಯಲ್ಲಿ ಇರುವೆಗೂ ದಾರಿ ಸಿಗದು ಎಂದು ತದಡಿಯ ಬಂದರಿನಲ್ಲಿ ಮಾತಿತ್ತು. ಮಾತಿಗೆ ಒಂಚೂರು ಉಪ್ಪುಖಾರ ಬೆರೆತಿರಬಹುದು. ಆದರೆ ಮೂವತ್ತು ವರ್ಷ ಅವನು ಕಟ್ಟಿದ ದೋಣಿಗಳಲ್ಲಿ ಒಂದೂ ನೀರು ಕುಡಿದದ್ದಿಲ್ಲ. ಅವನಾದರೂ ಗಂಜಿತಿಳಿ, ಚಾ ಬಿಟ್ಟು ಬೇರೆ ಏನನ್ನೂ ಕುಡಿದವನಲ್ಲ. ಅಂಥವನ ಅಂಗಳಕ್ಕೆ ೧೯೯೯ರ ದೀಪಾವಳಿ ಕಳೆದ ಮೇಲೆ ಸಾರಾಯಿಯ ಪೀಪಾಯಿ ಬಂತು.

ತಂದವನು ಕುಮಟೆಯ ರಾಜೀವ, ಗೋವೆಯ ಒಂದು ರಮ್ಮಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಪೀಪಾಯಿ ಅಮೆರಿಕದ ಓಕ್ ಮರದ್ದು. ಅಲ್ಲಿಯವರು ಅದರ ಒಳಮೈ ಸುಟ್ಟು, ಬರ್ಬನ್ ಎಂಬ ಮೆಕ್ಕೆಜೋಳದ ಸಾರಾಯಿಗೆ ಒಂದೇ ಸಲ ಬಳಸಿ ಮಾರಿಬಿಡುತ್ತಾರಂತೆ. ತನ್ನ ರಮ್ಮನ್ನು ಕೊನೆಯ ಆರು ತಿಂಗಳು ಅದರಲ್ಲಿಟ್ಟು ರುಚಿ ಕಟ್ಟಬೇಕೆಂದು ರಾಜೀವನ ಧಣಿಯ ಆಸೆ. ಆದರೆ ಪೀಪಾಯಿ ಸೋರುತ್ತಿತ್ತು.

“ಮಾಬ್ಲಣ್ಣ, ಇದೊಂದು ಸರಿಯಾದ್ರೆ ಇನ್ನೂ ಇಪ್ಪತ್ತು ಬತ್ತದೆ. ನಾನೇ ನಿಮ್ಮ ಹೆಸ್ರು ಹೇಳಿ ಒಪ್ಸಿದ್ದೆ.”

ಫೈಬರ್ ದೋಣಿಗಳು ಬಂದ ಮೇಲೆ ಮಾಬ್ಲನ ಉಳಿ ಮೂಲೆ ಸೇರಿತ್ತು. ಅವನು ಹಿಗ್ಗಿನಿಂದ ದೋಣಿಗೆ ಮಾಡುವುದನ್ನೆಲ್ಲ ಪೀಪಾಯಿಗೂ ಮಾಡಿದ. ಸಂದಿಗೆ ಹತ್ತಿನೂಲು ತುಂಬಿ, ಮೇಲಿಂದ ತಾರ್ಲೆ ಮೀನಿನ ಎಣ್ಣೆಯನ್ನು ಮೂರು ಸಲ ಉಜ್ಜಿದ. ಒಂದು ಹನಿಯೂ ಸೋರಲಿಲ್ಲ.

ಎರಡು ತಿಂಗಳಿಗೆ ರಾಜೀವ ಪೀಪಾಯಿ ಸಮೇತ ವಾಪಸು ಬಂದ.

“ರಮ್ಮಿಗೆ ಮೀನಿನ ವಾಸ್ನೆ ಹೊಡದದೆ. ಎಲ್ಲಾ ಚೆಲ್ಲಿದ್ರು.”

“ನಾ ಎಣ್ಣೆ ಹಚ್ಚಿದ್ದು ಹೊರಗಲ್ವನಾ?”

“ಮರ ಸುಮ್ನೆ ಇರೂದಿಲ್ಲ ಮಾಬ್ಲಣ್ಣ. ಸೆಕೆಗೆ ಸಾರಾಯಿ ಕುಡಿತದೆ, ತಂಪಿಗೆ ವಾಪಸ್ ಬಿಡ್ತದೆ. ಅದ್ರಲ್ಲಿ ಇದ್ದದ್ದೆಲ್ಲ ರುಚಿಗೆ ಬತ್ತದೆ.”

ಮಾಬ್ಲನಿಗೆ ನಾಚಿಕೆಯಿಂದ ಅನ್ನ ಸೇರಲಿಲ್ಲ. ಬಂದರಿನಲ್ಲಿ ಬಲೆ ಹೆಣೆಯುವ ಜಟ್ಟಿ ಬೇರೆ, “ಆಚಾರಿ, ತಾರ್ಲೆ ರಮ್ಮು ಉಂಟನಾ?” ಎಂದು ಕೆಣಕಿದ. ಬೇರೆ ಯಾರಾದರೂ ಆಗಿದ್ದರೆ ಕುಣಿಯಲಾರದವಳ ಹಾಗೆ ಅಂಗಳ ಡೊಂಕೆನ್ನುತ್ತಿದ್ದರು. ಇವನು ಪೀಪಾಯಿ ಬಿಚ್ಚಿ ಒಂದೊಂದೇ ಹಲಗೆಯನ್ನು ಮೂಸಿದ. ಎಣ್ಣೆ ಹತ್ತಿನೂಲನ್ನೇ ಹಿಡಿದು ಒಳಗಿಳಿದಿತ್ತು. ತಪ್ಪು ತನ್ನದೇ ಎಂದು ಒಪ್ಪಿಕೊಂಡು ಇನ್ನೊಂದು ಪೀಪಾಯಿ ಕೇಳಿದ.

“ಇದೂ ಹಾಳಾದ್ರೆ ನನ್ನ ಕೆಲಸ ಹೋತದೆ,” ಎಂದ ರಾಜೀವ. ಆದರೂ ತಂದುಕೊಟ್ಟ.

ನೂಲಿಲ್ಲದೆ, ಎಣ್ಣೆಯಿಲ್ಲದೆ ಸಂದಿ ಮುಚ್ಚುವುದು ಹೇಗೆ? ಜಗಲಿಯಲ್ಲಿ ಜೊಂಡಿನ ಚಾಪೆ ಹೆಣೆಯುತ್ತಿದ್ದ ಹೆಂಡತಿ ಕಮಲಿ ತಲೆಯೆತ್ತದೆಯೇ ಹೇಳಿದಳು: “ಜೊಂಡು ನೀರು ಕುಡಿದ್ರೆ ಉಬ್ತದೆ. ವಾಸ್ನೆ ಎಂತದೂ ಇಲ್ಲ.”

ಮಾಬ್ಲ ಒಣಗಿದ ಜೊಂಡನ್ನು ಸಂದಿಗಿಟ್ಟು ಕಬ್ಬಿಣದ ಬಳೆಗಳನ್ನು ಬಡಿದು ಬಿಗಿದ. ಒಳಮೈ ಹೆರೆದು, ತೆಂಗಿನ ಗರಟೆಯ ಕೆಂಡದಲ್ಲಿ ಮತ್ತೆ ಸುಟ್ಟ. ನೀರು ತುಂಬಿ ಎಂಟು ದಿನ ಕಾದ. ಪೀಪಾಯಿ ಸೋರಲಿಲ್ಲ. ಆ ನೀರನ್ನೇ ಒಂದು ಲೋಟ ಕುಡಿದು ನೋಡಿದರೆ ಸುಟ್ಟ ಬೆಲ್ಲದ ರುಚಿ. ಕಮಲಿಯೂ ಕುಡಿದು ಹೌದೆಂದಳು.

ರಾಜೀವ ಪೀಪಾಯಿಯನ್ನು ಗೋವೆಗೆ ಒಯ್ದ. ಆರು ತಿಂಗಳು ಮಾಬ್ಲ ಬಂದರಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ರಾಜೀವ ಆ ಪೀಪಾಯಿಯ ರಮ್ಮಿನ ಬಾಟಲಿ ಹಿಡಿದು ಬಂದು ಮುಂದಿಟ್ಟ. ಮಾಬ್ಲ ಕುಡಿಯಲಿಲ್ಲ. ಅಂಗೈಗೆ ನಾಲ್ಕು ಹನಿ ಸುರಿದುಕೊಂಡು ಉಜ್ಜಿದ, ಮೂಸಿದ. ಕಣ್ಣು ತುಂಬಿತು. ಅದೇ ಅಂಗೈ ಮುಚ್ಚಿಕೊಂಡು ನೆಟ್ಟಗೆ ಬಂದರಿಗೆ ನಡೆದು ಜಟ್ಟಿಯ ಮೂಗಿಗೆ ಹಿಡಿದ.

“ಮೀನು ಉಂಟನಾ?”

ಜಟ್ಟಿ ಎರಡು ಸಲ ಮೂಸಿದ. “ಇಲ್ಲ ಮಾರಾಯ. ಬೆಲ್ಲ.”

“ಆತು,” ಎಂದು ಮಾಬ್ಲ, ಬೆನ್ನಿಗೇ ಬಂದಿದ್ದ ರಾಜೀವನತ್ತ ತಿರುಗಿದ. “ರಾಜೀವಾ, ಇಪ್ಪತ್ತೂ ತಕಂಬಾ.”